ಮಲಗಿದ ನೀರು, ಶಾಂತವ್ವನ ಉಪ್ಪು

ಬೆಳಗಿನ ಐದಕ್ಕೆ ಇನ್ನೂ ಕಾಲು ಗಂಟೆ ಇದೆ. ವಿಜಯನಗರದ ಮಾರುತಿ ಮಂದಿರದ ಹಿಂದಿನ ರಸ್ತೆಯಲ್ಲಿ ಬಿಳಿ ಟೂರಿಸ್ಟ್ ಬಸ್ಸೊಂದು ಡಿಕ್ಕಿ ತೆರೆದುಕೊಂಡು ನಿಂತಿದೆ. ಒಳಗೆ ಎರಡು ಸಿಲಿಂಡರ್, ಮೂರು ಒಲೆ, ಗೋಣಿತಾಟಿನಲ್ಲಿ ಸುತ್ತಿದ ಕೊಳಗಗಳು, ಒಂದರೊಳಗೊಂದು ಕೂರಿಸಿದ ಇಡ್ಲಿ ತಟ್ಟೆಗಳು, ಬಾಯಿಗೆ ಬಟ್ಟೆ ಕಟ್ಟಿದ ಹಿಟ್ಟಿನ ಪಾತ್ರೆಗಳು. ಡಿಕ್ಕಿಯ ಮುಂದೆ ನೆಲದ ಮೇಲೆ ನಾಲ್ಕು ನೀರಿನ ಕ್ಯಾನು. ಅವುಗಳ ಎದುರು ಕುಕ್ಕರುಗಾಲಿನಲ್ಲಿ ಕುಳಿತ ಹೆಂಗಸು ಒಂದೊಂದರ ಮುಚ್ಚಳ ಬಿಚ್ಚುತ್ತಾರೆ, ಅಂಗೈಗೆ ಇಷ್ಟು ಸುರಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ನುಂಗುವುದಿಲ್ಲ. ನಾಲಿಗೆಯ ಮೇಲೆ ಒಂದು ಗಳಿಗೆ ಇಟ್ಟುಕೊಂಡು ಮೋರಿಯ ಕಡೆಗೆ ಉಗುಳುತ್ತಾರೆ.

ಮೂರನೆಯ ಕ್ಯಾನಿಗೆ ಬಂದಾಗ ಅವರ ಹುಬ್ಬು ಮೇಲೇಳುತ್ತದೆ.

"ಇದ್ಯಾರು ತುಂಬಿದ್ದು?"

ಟೈರಿಗೆ ಗಾಳಿ ನೋಡುತ್ತಿದ್ದ ಡ್ರೈವರ್ ಸೇತುರಾಮ ಎದ್ದು ನಿಲ್ಲುತ್ತಾನೆ. "ನಾನೇ ಅವ್ವಾ. ಮೂರು ಕ್ಯಾನ್ ಆಗೋಷ್ಟ್ರಲ್ಲಿ ಕಾವೇರಿ ನಿಂತೋಯ್ತು. ಅದೊಂದು ಮಾತ್ರ ಬೋರ್ ನೀರು. ಒಂದ್ ಕ್ಯಾನಲ್ಲಿ ಏನಾಗತ್ತೆ?"

"ಬ್ಯಾಳಿ ಬೇಯೂದಿಲ್ಲ, ಅಷ್ಟ ಆಗ್ತದ. ಇದಕ್ಕೊಂದು ದಾರ ಕಟ್ಟು. ಪಾತ್ರಿ ತೊಳ್ಯಾಕ."

ಸೇತುರಾಮ ದಾರ ಕಟ್ಟುತ್ತಾನೆ. ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದಾನೆ.

ಇವರು ಶಾಂತವ್ವ. ವಯಸ್ಸು ಐವತ್ತೆಂಟು. ಮನೆ ಶ್ರೀಗಂಧದ ಕಾವಲಿನಲ್ಲಿ, ಮೂರನೆಯ ಮಹಡಿಯ ಒಂದು ಕೋಣೆ. ಕೆಲಸ, 'ಅಡುಗೆ ಸಮೇತ' ಎಂದು ಬೋರ್ಡು ಹಾಕಿಕೊಂಡು ಜನರನ್ನು ಊರೂರು ತೋರಿಸುವ ಈ ಬಸ್ಸಿನ ಅಡುಗೆ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಬಟ್ಟೆಗೆ ಕಟ್ಟಿದ ಲಿಂಗ, ಸೊಂಟಕ್ಕೆ ಬಿಗಿದ ಸೆರಗು. ಬೆಂಗಳೂರಿಗೆ ಬಂದು ಮೂವತ್ತೊಂದು ವರ್ಷವಾದರೂ ಮಾತಿನಲ್ಲಿ ಬ್ಯಾಡಗಿ ಕಡೆಯ 'ರೀ' ಅಲುಗಿಲ್ಲ. ಬಸ್ಸು ಹತ್ತುವವರು ಇವರ ಮುಖ ನೋಡುವುದಿಲ್ಲ. ಬಸ್ಸು ಇಳಿಯುವವರಿಗೆ ಇವರ ಹೆಸರು ಗೊತ್ತಿರುವುದಿಲ್ಲ. ಮಧ್ಯದ ಎರಡು ದಿನ ಇವರು ಬೇಯಿಸಿದ್ದನ್ನು ಉಣ್ಣುತ್ತಾರೆ.

ಈ ಸಲದ ಪ್ರಯಾಣ ಕರಾವಳಿಗೆ. ಹೊನ್ನಾವರಕ್ಕೂ ಕಾರವಾರಕ್ಕೂ ನಡುವೆ, ಹೆದ್ದಾರಿಯಿಂದ ಒಳಗೆ ಸರಿದಿರುವ ಒಂದು ಸಣ್ಣ ಮೀನುಗಾರರ ಊರು. ಒಂದು ಕಾಲಕ್ಕೆ ಬಂದರು. ಊರಿನ ಹೆಸರು ಬರೆಯಬಾರದೆಂದು ಶಾಂತವ್ವ ಮೊದಲೇ ಮಾತು ತೆಗೆದುಕೊಂಡಿದ್ದಾರೆ. ಏಕೆ ಎನ್ನುವುದು ಅಲ್ಲಿಗೆ ಹೋದಮೇಲೆ ತಿಳಿಯುತ್ತದೆ.

ಈ ಊರಿಗೆ ಇದೇ ಅವರ ಕೊನೆಯ ಪ್ರಯಾಣವಾದರೂ ಆಗಬಹುದು. ಫೆಬ್ರವರಿಯಲ್ಲಿ ಹೋದಾಗ ಊಟ ಉಪ್ಪಾಗಿತ್ತು. ಬಿಸಿಬೇಳೆಬಾತ್ ಉಪ್ಪು, ಕಾಫಿ ಒಗರು. ಪ್ರಯಾಣಿಕರು ವಾಟ್ಸಾಪ್ ಗುಂಪಿನಲ್ಲಿ ತಟ್ಟೆಯ ಫೋಟೊ ಹಾಕಿ, ಪಕ್ಕದಲ್ಲಿ ಸಮುದ್ರದ ಫೋಟೊ ಹಾಕಿ, ಎರಡಕ್ಕೂ ವ್ಯತ್ಯಾಸವೇನೆಂದು ಕೇಳಿದ್ದರು. ಬಸ್ಸಿನ ಮಾಲೀಕ ಸುಬ್ರಮಣಿ ಒಳ್ಳೆಯ ಮನುಷ್ಯನೇ. ಆದರೂ ಶಾಂತವ್ವನನ್ನು ವಿಜಯನಗರದ ಆಫೀಸಿಗೆ ಕರೆಸಿ ನೇರವಾಗಿಯೇ ಹೇಳಿದ್ದಾರೆ. "ಅವ್ವಾ, ಇನ್ನೊಂದ್ ಸಲ ನೋಡೋಣ. ಈ ಸಲಾನೂ ಕಂಪ್ಲೇಂಟ್ ಬಂದ್ರೆ ಹೆದ್ದಾರಿ ಹೋಟೆಲ್ ಜೊತೆ ಮಾತಾಡ್ಕೊಂಡ್ಬಿಡ್ತೀನಿ. ಎಲ್ಲಾ ಟ್ರಿಪ್ಪಿಗೂ ಹಂಗೇ ಮಾಡ್ಬೇಕಾಗತ್ತೆ. ನಿಮಗೂ ವಯಸ್ಸಾಯ್ತಲ್ವಾ."

ವಯಸ್ಸಿನ ಮಾತು ಶಾಂತವ್ವನಿಗೆ ನಾಟಿಲ್ಲ. ಉಪ್ಪಿನ ಮಾತು ನಾಟಿದೆ.

"ಉಪ್ಪು ಕಡಿಮಿ ಆದ್ರ ಹಾಕಬಹುದು. ಹೆಚ್ಚಾದ್ರ ತಗ್ಯಾಕ ಬರೂದಿಲ್ಲ" ಎನ್ನುತ್ತಾರೆ, ಬಸ್ಸಿನ ಹಿಂದಿನ ಸೀಟಿನಲ್ಲಿ ತೊಗರಿಬೇಳೆ ಆರಿಸುತ್ತ. "ಹನ್ನೊಂದು ವರ್ಷದಾಗ ಒಮ್ಮೆ. ಆದ್ರ ತಿಂದೋರಿಗೆ ಅದು ಒಮ್ಮೆ ಅಲ್ರೀ. ಅವ್ರು ಉಂಡದ್ದ ಅಷ್ಟು."

ಬಸ್ಸಿನಲ್ಲಿ ನಲವತ್ತೆರಡು ಜನ. ಬಸವೇಶ್ವರನಗರದ ಒಂದು ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ನಡೆಯುವವರ ಗುಂಪು. ಹೆಚ್ಚಿನವರು ನಿವೃತ್ತರು. ನೆಲಮಂಗಲ ದಾಟುವಷ್ಟರಲ್ಲಿ ಅಂತ್ಯಾಕ್ಷರಿ ಶುರುವಾಗಿದೆ. ಮುಂದಿನ ಸೀಟಿನ ನಾಗಭೂಷಣ್, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಎಲ್ಲರಿಗೂ ಹಾಡಿನ ತಪ್ಪು ತಿದ್ದುತ್ತಿದ್ದಾರೆ.

ಶಾಂತವ್ವ ಅಡುಗೆಗೆ ಬಂದದ್ದು ನೀರಿನ ದಾರಿಯಿಂದ. ಗಂಡ ಸಿದ್ದಬಸಪ್ಪ ರಾಜಾಜಿನಗರದ ಒಂದು ಛತ್ರಕ್ಕೆ ವಾಚ್‌ಮನ್ ಆಗಿ ಸೇರಿದಾಗ ಇವರು ಅದೇ ಛತ್ರದ ಹಿತ್ತಲಲ್ಲಿ ಪಾತ್ರೆ ತಿಕ್ಕಲು ನಿಂತರು. ಮದುವೆ ಕಾಲದಲ್ಲಿ ದಿನಕ್ಕೆ ಮುನ್ನೂರು ಸ್ಟೀಲ್ ಲೋಟ, ಅರವತ್ತು ದೊಡ್ಡ ಪಾತ್ರೆ. ತಿಕ್ಕಿ ಬೋರಲು ಹಾಕಿದ ಪಾತ್ರೆ ಒಣಗಿದಾಗ ಕೆಲವು ದಿನ ಅದರ ಮೇಲೆ ಬಿಳಿ ಕಲೆ ನಿಲ್ಲುತ್ತಿತ್ತು, ಕೆಲವು ದಿನ ನಿಲ್ಲುತ್ತಿರಲಿಲ್ಲ. ಟ್ಯಾಂಕರ್ ಎಲ್ಲಿಂದ ಬಂತು ಎನ್ನುವುದರ ಮೇಲೆ ಅದು ನಿಂತಿದೆಯೆಂದು ಇವರು ಕಂಡುಕೊಂಡರು. ಕಲೆ ನಿಂತ ದಿನ ಒಳಗೆ ಹೋಗಿ, "ಇವತ್ತು ಬ್ಯಾಳಿ ಲಗೂನ ಇಡ್ರಿ, ಉಪ್ಪು ಹಗೂರ ಹಾಕ್ರಿ" ಎಂದರು. ಅಡುಗೆಯ ಭಟ್ಟರು ಮೊದಲ ದಿನ ನಕ್ಕರು. ಎರಡನೆಯ ದಿನ ಸಾರು ಕೆಟ್ಟಿತು. ಮೂರನೆಯ ದಿನದಿಂದ ಒಲೆ ಹಚ್ಚುವ ಮುಂಚೆ ಹಿತ್ತಲಿಗೆ ಕೂಗುತ್ತಿದ್ದರಂತೆ, "ಶಾಂತವ್ವಾ, ಇವತ್ತು ನೀರು ಹೆಂಗಿದೆ?"

ಪಾತ್ರೆಯಿಂದ ತರಕಾರಿಗೆ, ತರಕಾರಿಯಿಂದ ಸಾರಿಗೆ, ಸಾರಿನಿಂದ ಇಡೀ ಅಡುಗೆಗೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಈಗ ಬೆಂಗಳೂರಿನ ಪಡುವಣ ಭಾಗ ಅವರ ನಾಲಿಗೆಯ ಮೇಲಿದೆ. ರಾಜಾಜಿನಗರದ ಕಾವೇರಿಗೆ ರುಚಿಯೇ ಇಲ್ಲ, ಅದಕ್ಕೇ ಅದು ಒಳ್ಳೆಯ ನೀರು. ಶ್ರೀಗಂಧದ ಕಾವಲಿನ ತಮ್ಮ ಮನೆಯ ಬೋರ್ ನೀರಿಗೆ ಸುಣ್ಣದ ರುಚಿ, ಕುಕ್ಕರ್ ಎಂಟು ಸಲ ಕೂಗಬೇಕು. ಕೆಂಗೇರಿ ಕಡೆಯ ಟ್ಯಾಂಕರ್ ನೀರನ್ನು ಮಾತ್ರ ನಂಬುವಂತಿಲ್ಲ. "ಅದು ದಿನಕ್ಕೊಂದು ಊರಿಂದ ಬರ್ತದ್ರಿ. ಅದರದ್ದ ಒಂದು ಊರಂತ ಇಲ್ಲ."

ಶಿವಮೊಗ್ಗ ದಾಟಿ ಒಂದು ಮಾವಿನ ತೋಪಿನ ನೆರಳಲ್ಲಿ ಮಧ್ಯಾಹ್ನದ ಊಟ. ಚಿತ್ರಾನ್ನ, ಮೊಸರನ್ನ, ಹಪ್ಪಳ. ನಲವತ್ತು ನಿಮಿಷದಲ್ಲಿ ಬಡಿಸಿ, ಬಳಿದು, ದಾರ ಕಟ್ಟಿದ ಕ್ಯಾನಿನ ನೀರಲ್ಲಿ ಪಾತ್ರೆ ತೊಳೆದು ಡಿಕ್ಕಿಗೆ ಸೇರಿಸಿ ಆಗುತ್ತದೆ. ಡಿಕ್ಕಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಸಣ್ಣ ನೀರಿನ ಮೋಟಾರು ಇದೆ, ಸುತ್ತಿಟ್ಟ ಪೈಪು ಇದೆ. ಸೇತುರಾಮ ಅದನ್ನು ಸವರಿ ತೋರಿಸುತ್ತಾನೆ.

"ನಾನೇ ತಂದಿದ್ದು ಸಾರ್, ಬಾಪೂಜಿ ನಗರದಲ್ಲಿ ನಮ್ಮ ಮನೆ ಪಕ್ಕದ ಗ್ಯಾರೇಜಿಂದ. ಅವ್ವಂಗೆ ಮಂಡಿ ನೋವು. ಅಲ್ಲಿ ಬಾವೀಲಿ ಐವತ್ತು ಸಲ ಹಗ್ಗ ಎಳೀಬೇಕು. ನೋಡಕ್ಕಾಗ್ಲಿಲ್ಲ. ಹೋದ ಸಲ ಹಾಕಿದ್ದೆ, ಹತ್ತೇ ನಿಮಿಷ, ಎರಡು ಡ್ರಮ್ ಫುಲ್."

"ನನ್ನ ಮಗನೂ ಇಷ್ಟು ಮಾಡಿಲ್ಲ" ಎನ್ನುತ್ತಾರೆ ಶಾಂತವ್ವ. "ಮಗಾ ಇಲ್ಲ, ಅದು ಬ್ಯಾರೆ ಮಾತು."

ಸಂಜೆ ಐದೂವರೆಗೆ ಬಸ್ಸು ಘಟ್ಟ ಇಳಿದು, ಸೇತುವೆ ದಾಟಿ, ತೆಂಗಿನ ಸಾಲಿನ ನಡುವಿನ ಕಿರಿದಾದ ರಸ್ತೆಗೆ ಹೊರಳುತ್ತದೆ. ಊರು ಸದ್ದಿಲ್ಲದೆ ಎದುರಾಗುತ್ತದೆ. ಹೊಳೆ ಸಮುದ್ರ ಸೇರುವ ಬಾಯಿಯಲ್ಲಿ ಮರಳು ತುಂಬಿ, ಅದರ ಮೇಲೆ ಕೊಕ್ಕರೆಗಳು ನಿಂತಿವೆ. ದಡದಲ್ಲಿ ಹತ್ತಿಪ್ಪತ್ತು ದೋಣಿ. ಕೆಂಪು ಕಲ್ಲಿನ ಹಳೆಯ ಧಕ್ಕೆ, ಹಡಗಿಗೆ ಸರಕು ಏರಿಸುತ್ತಿದ್ದ ಕಟ್ಟೆ, ನೀರಿಗೆ ಮೂವತ್ತು ಹೆಜ್ಜೆ ಚಾಚಿಕೊಂಡು, ಈಗ ನೀರೇ ದೂರ ಸರಿದಿರುವುದರಿಂದ ಮರಳಿನ ಮೇಲೆ ಕೊನೆಗೊಂಡಿದೆ. ಅದರ ಅಂಚಿನಲ್ಲಿ ಹಡಗು ಕಟ್ಟುತ್ತಿದ್ದ ಕಬ್ಬಿಣದ ಗೂಟಗಳು ತುಕ್ಕು ಹಿಡಿದು ನಿಂತಿವೆ, ಒಂದಕ್ಕೆ ಯಾರೋ ಮೇಕೆ ಕಟ್ಟಿದ್ದಾರೆ. ಸುಂಕದ ಕಟ್ಟೆಗೆ ಛಾವಣಿ ಇಲ್ಲ, ಒಳಗೆ ಬಲೆ ಹರಡಿದೆ. ಹತ್ತಿಯ ಮೂಟೆ ಒಟ್ಟುತ್ತಿದ್ದ ಗೋದಾಮೊಂದನ್ನು ಸರಿಮಾಡಿ ವಸತಿ ಮಾಡಿದ್ದಾರೆ, ಬಸ್ಸಿನವರು ಇಳಿಯುವುದು ಅಲ್ಲಿ.

ಆ ಹತ್ತಿಯ ಬಗ್ಗೆ ಶಾಂತವ್ವನಿಗೆ ಕೇಳಿ ಗೊತ್ತು. "ನಮ್ಮಪ್ಪನ ಮುತ್ತ್ಯಾ ಗಾಡಿ ಹೊಡಕೊಂಡು ಗಟ್ಟದ ಕೆಳಗ ಬರ್ತಿದ್ನಂತ್ರಿ. ಹೋಗೂವಾಗ ಹತ್ತಿ, ಬರೂವಾಗ ಉಪ್ಪು. ಇದ ಬಂದರೋ ಮತ್ತೊಂದೋ, ಯಾರಿಗೆ ಗೊತ್ತು."

ಪ್ರಯಾಣಿಕರು ಸೂರ್ಯಾಸ್ತಕ್ಕೆಂದು ದಡಕ್ಕೆ ಹೋಗುತ್ತಾರೆ. ಶಾಂತವ್ವ ಒಂದು ತಂಬಿಗೆ ಹಿಡಿದು ಬಾವಿಗೆ ಹೋಗುತ್ತಾರೆ. ಸಮುದ್ರ ನೋಡಿಲ್ಲವೇ ಎಂದು ಕೇಳಿದರೆ ನಗುತ್ತಾರೆ. "ನೋಡೇನಲ್ರಿ, ಎಪ್ಪತ್ತು ಸಲ. ಅಷ್ಟೂ ನೀರು, ಒಂದು ಸೌಟು ಸಾರಿಗೂ ಬರೂದಿಲ್ಲ."

ಈ ಊರು ಬಂದರಾದದ್ದೇ ಈ ಬಾವಿಯಿಂದ ಎಂದು ಇಲ್ಲಿಯವರು ಹೇಳುತ್ತಾರೆ. ದಡದಿಂದ ಇನ್ನೂರು ಹೆಜ್ಜೆ. ಸುತ್ತ ಎಲ್ಲ ಬಾವಿಗಳಲ್ಲೂ ಚಳಿಗಾಲ ಮುಗಿಯುತ್ತಲೇ ಉಪ್ಪು ನೀರು, ಇದೊಂದರಲ್ಲಿ ಸಿಹಿ. ಹಾಯಿ ಹಡಗುಗಳು ಮುಂದಿನ ಪ್ರಯಾಣಕ್ಕೆ ಪೀಪಾಯಿ ತುಂಬಿಕೊಳ್ಳಲು ಇಲ್ಲಿ ನಿಲ್ಲುತ್ತಿದ್ದವಂತೆ. ಬಂದರ ಬಾವಿ ಎಂದೇ ಹೆಸರು. ಇಪ್ಪತ್ತೆರಡು ಮೀನುಗಾರರ ಮನೆಗಳು ಇಂದಿಗೂ ಕುಡಿಯುವುದು ಇದನ್ನೇ.

ಇವತ್ತು ಬಾವಿಯ ರಾಟೆಗೆ ಹಗ್ಗವಿಲ್ಲ. ನೀರೆತ್ತುವ ಕೊಟ್ಟೆಯೂ ಇಲ್ಲ. ಶಾಂತವ್ವ ತಂಬಿಗೆ ಹಿಡಿದುಕೊಂಡೇ ಪಕ್ಕದ ಮನೆಯ ಕಡೆ ತಿರುಗುತ್ತಾರೆ. ಅಂಗಳದಲ್ಲಿ ಚಾಪೆಯ ಮೇಲೆ ಒಣಗಿದ ಮೀನು ಮಗುಚುತ್ತಿರುವವರು ಮಾಸ್ತಮ್ಮ. ಶಾಂತವ್ವನ ವಾರಿಗೆಯವರೇ. ಬಾವಿಯ ಹಗ್ಗ ಕಾಯುವುದು ಅವರ ಮನೆತನಕ್ಕೆ ಬಂದ ಕೆಲಸ. ಹನ್ನೊಂದು ವರ್ಷದ ಪರಿಚಯ. ಮೊದಲ ಸಲ ಶಾಂತವ್ವ ಮೂಗಿಗೆ ಸೆರಗು ಹಿಡಿದು ಬಂದಾಗ, "ಮೀನಿನ ಗಾಳಿ ತಾಗಿದ್ರೆ ನಿಮ್ಮ ಸಾರು ಮೈಲಿಗೆ ಆಗ್ತದಾ?" ಎಂದು ಕೆಣಕಿ ನಕ್ಕವರು. ಇವತ್ತು ತಲೆ ಎತ್ತುವುದಿಲ್ಲ.

"ಹಗ್ಗ ಎಲ್ಲಿ ಮಾಸ್ತಮ್ಮಾ?"

"ಹಗ್ಗ ಎಂತಕ್ಕೆ? ನಿಮ್ಗೆ ಪೈಪು ಉಂಟಲ್ಲ."

ಶಾಂತವ್ವನಿಗೆ ಅರ್ಥವಾಗುವುದಿಲ್ಲ. ಮಾಸ್ತಮ್ಮ ಕೈಯಲ್ಲಿದ್ದ ಮೀನನ್ನು ಚಾಪೆಗೆ ಹಾಕಿ ಎದ್ದು ನಿಲ್ಲುತ್ತಾರೆ.

"ಹತ್ತು ನಿಮಿಷದಲ್ಲಿ ಬಾವಿ ಎಬ್ಬಿಸಿ ಹೋದ್ರಿ. ಎಂಟು ದಿನ ಮಾರಾಯ್ತಿ, ಎಂಟು ದಿನ ಇಪ್ಪತ್ತೆರಡು ಮನೆಯವ್ರು ಹೊಳೆಯಾಚೆ ಹೋಗಿ ದೋಣಿಯಲ್ಲಿ ನೀರು ತಂದದ್ದು. ನನ್ನ ಸೊಸೆ ಬಾಣಂತಿ. ನನ್ನ ಕೇಳಿದ್ರು ಎಲ್ಲ, ಹಗ್ಗ ಕಾಯುವವಳು ನೀನು, ನಿನ್ನ ಬೆಂಗಳೂರಿನ ದೋಸ್ತಿ ಬಂದು ಮೋಟಾರು ಇಳಿಸುವಾಗ ಎಂತ ಮಾಡ್ತಿದ್ದೆ ಅಂತ. ಪೇಟೆಗೆ ಮೀನು ಮಾರ್ಲಿಕ್ಕೆ ಹೋಗಿದ್ದೆ, ಎಂತ ಹೇಳುದು?"

ಕಟ್ಟೆಯ ಮೇಲೆ ಕುಳಿತು ಮಾಸ್ತಮ್ಮ ಹೇಳುವುದನ್ನು ಶಾಂತವ್ವ ಮೊದಲ ಬಾರಿಗೆ ಕೇಳಿಸಿಕೊಳ್ಳುತ್ತಾರೆ. ಈ ಬಾವಿಯಲ್ಲಿರುವುದು ಒಂದು ನೀರಲ್ಲ, ಎರಡು. ಅಡಿಯಲ್ಲಿ ಸಮುದ್ರದ್ದು, ಅದು ಭಾರ. ಮೇಲೆ ಮಳೆಯದ್ದು, ಅದು ಹಗುರ. ರಾತ್ರಿಯೆಲ್ಲ ಅಲುಗದೆ ಇದ್ದರೆ ಹಗುರದ್ದು ಭಾರದ್ದರ ಮೇಲೆ ಮಲಗುತ್ತದೆ. ಮಲಗಿದ ನೀರನ್ನು ಎಬ್ಬಿಸದಂತೆ ಮೇಲುಮೇಲಿಂದ ಎತ್ತಿಕೊಳ್ಳಬೇಕು. ಅದಕ್ಕೇ ಇಲ್ಲಿ ತಾಮ್ರದ ಕೊಡ ಇಳಿಸುವುದಿಲ್ಲ, ಅಡಿಕೆ ಹಾಳೆಯನ್ನು ಮಡಿಚಿ ಹೊಲಿದ ಹಗುರವಾದ ಕೊಟ್ಟೆ ಇಳಿಸುತ್ತಾರೆ. ಅದು ನೀರಿಗೆ ಬಿದ್ದರೂ ಮುಳುಗದೆ ಪಕ್ಕಕ್ಕೆ ಒರಗಿ ತುಂಬಿಕೊಳ್ಳುತ್ತದೆ. ಹಡಗಿನವರಿಗೂ ಇದೇ ಕಟ್ಟಳೆ ಇತ್ತು.

ಹನ್ನೊಂದು ವರ್ಷ ಶಾಂತವ್ವ ಕೊಟ್ಟೆಯಿಂದಲೇ ಸೇದಿದ್ದಾರೆ. ಏಕೆಂದು ಕೇಳಿರಲಿಲ್ಲ. ಇಲ್ಲಿಯ ಪದ್ಧತಿ ಇರಬೇಕು ಎಂದುಕೊಂಡಿದ್ದರು. ಮಾಸ್ತಮ್ಮನೂ ಹೇಳಿರಲಿಲ್ಲ. ಬಾವಿಗೆ ಹಾಗೆ ಮಾಡಬಾರದೆಂದು ಯಾರಿಗಾದರೂ ಹೇಳಿಕೊಡಬೇಕಾಗುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

ಫೆಬ್ರವರಿಯ ಉಪ್ಪಿನ ಲೆಕ್ಕ ಈಗ ತಾಳೆಯಾಗುತ್ತದೆ. ಆವತ್ತು ಸಂಜೆ ಶಾಂತವ್ವ ಕೊಟ್ಟೆಯಲ್ಲಿ ಸೇದಿ ರುಚಿ ನೋಡಿದ್ದರು, ಸಿಹಿಯಿತ್ತು. ಬೆಳಿಗ್ಗೆ ಅವರು ಒಲೆ ಹಚ್ಚುವಷ್ಟರಲ್ಲಿ ಸೇತುರಾಮ ಪೈಪನ್ನು ಬಾವಿಯ ತಳದವರೆಗೆ ಬಿಟ್ಟು ಡ್ರಮ್ ತುಂಬಿಸಿ ಇಟ್ಟಿದ್ದ. ಅದೇ ಬಾವಿ, ಅದೇ ನೀರು ಎಂದುಕೊಂಡು ಇವರು ಮತ್ತೆ ನಾಲಿಗೆಗೆ ಹಾಕಿಕೊಳ್ಳಲಿಲ್ಲ.

"ಸಂಜಿ ನೀರಿನ ರುಚಿ ನೋಡಿ ಮುಂಜಾನಿ ಉಪ್ಪು ಹಾಕ್ದೆ" ಎನ್ನುತ್ತಾರೆ ಶಾಂತವ್ವ. "ಮೋಟಾರಿನ ತಪ್ಪು ಅಂತ ಹೇಳಬಹುದು. ಆದ್ರ ಉಪ್ಪು ಹಾಕಿದ್ದು ನನ್ನ ಕೈ."

ಅಷ್ಟರಲ್ಲಿ ಸೇತುರಾಮ ಮೋಟಾರನ್ನು ಹೆಗಲ ಮೇಲೆ ಹೊತ್ತುಕೊಂಡು ಉತ್ಸಾಹದಿಂದ ಬರುತ್ತಾನೆ. ಇಬ್ಬರು ಹೆಂಗಸರೂ ಒಟ್ಟಿಗೆ ಅವನ ಕಡೆ ನೋಡುತ್ತಾರೆ. ಅವನು ಅಲ್ಲೇ ನಿಲ್ಲುತ್ತಾನೆ.

"ಏನಾಯ್ತು ಅವ್ವಾ?"

ಶಾಂತವ್ವ ಹೇಳುತ್ತಾರೆ. ಒಂದು ಮಾತೂ ಏರಿಸದೆ, ಎರಡು ನೀರಿನ ಕಥೆ, ಎಂಟು ದಿನದ ದೋಣಿಯ ಕಥೆ. ಸೇತುರಾಮ ಮೋಟಾರನ್ನು ಮೆಲ್ಲಗೆ ನೆಲಕ್ಕಿಳಿಸುತ್ತಾನೆ. ಅವನ ಕಿವಿ ಕೆಂಪಾಗಿದೆ. "ಪೈಪು ತಳಕ್ಕೆ ಬಿಟ್ರೆ ಗಾಳಿ ಎಳಿಯಲ್ಲ ಅಂತ ಬಿಟ್ಟೆ. ನಂಗೆ ಗೊತ್ತಾಗ್ಲಿಲ್ಲ ಆಂಟಿ."

"ಆಂಟಿ ಗೀಂಟಿ ಬೇಡ" ಎನ್ನುತ್ತಾರೆ ಮಾಸ್ತಮ್ಮ. "ಆ ಪೈಪಿನ ತುದಿಯಲ್ಲಿ ಇದೆಯಲ್ಲ, ಕಬ್ಬಿಣದ ಮೂತಿ. ಅದು ಬಿಚ್ಚಿ ಇಲ್ಲಿ ಕೊಡು."

"ಫುಟ್‌ವಾಲ್ವಾ? ಯಾಕೆ?"

"ನೀವು ಬಸ್ಸು ಹತ್ತುವವರೆಗೆ ನನ್ನ ಹತ್ರ ಇರ್ಲಿ."

ಅದಿಲ್ಲದೆ ಮೋಟಾರು ನೀರು ಎಳೆಯುವುದಿಲ್ಲ. ಸೇತುರಾಮ ಶಾಂತವ್ವನ ಮುಖ ನೋಡುತ್ತಾನೆ. ಅವರು ತಲೆಯಾಡಿಸುತ್ತಾರೆ. ಸ್ಪ್ಯಾನರ್ ತಂದು, ಬಿಚ್ಚಿ, ಎರಡೂ ಕೈಯಲ್ಲಿ ಒಪ್ಪಿಸುತ್ತಾನೆ. ಮಾಸ್ತಮ್ಮ ಅದನ್ನು ಒಣಮೀನಿನ ಚಾಪೆಯ ಮೂಲೆಗೆ, ಗಾಳಿಗೆ ಹಾರದಂತೆ ಭಾರವಾಗಿ ಇಡುತ್ತಾರೆ.

"ನಾಳೆ ಬೆಳಿಗ್ಗೆ ಬನ್ನಿ. ಊರಿನವ್ರು ಮೊದ್ಲು ಸೇದುದು. ಹಡಗಿನವ್ರು ಆಮೇಲೆ."

ಆ ರಾತ್ರಿಯ ಅನ್ನ ಸಾರಿಗೆ ಬಸ್ಸಿನಲ್ಲಿ ಉಳಿದ ಎರಡು ಕ್ಯಾನ್ ಕಾವೇರಿ ನೀರು ಮುಗಿಯುತ್ತದೆ. ನಾಳೆಯ ತಿಂಡಿ, ಊಟ, ಎರಡು ಹೊತ್ತಿನ ಕಾಫಿಗೆ, ಕುಡಿಯಲು ಕಾಯಿಸಿ ಆರಿಸುವುದೂ ಸೇರಿ, ಇನ್ನೂರು ಲೀಟರ್ ಬೇಕು. ಕೊಟ್ಟೆ ಹಿಡಿಯುವುದು ನಾಲ್ಕು ಲೀಟರ್. ಐವತ್ತು ಕೊಟ್ಟೆ. ಊರಿನ ಅಂಗಡಿಯಲ್ಲಿ ಸಿಗುವುದು ಹತ್ತು ಹದಿನೈದು ಬಾಟಲಿ.

ಬೆಳಗಿನ ಐದೂಕಾಲು. ಮಬ್ಬುಗತ್ತಲು. ಬಾವಿಯ ಸುತ್ತ ಹೆಂಗಸರು ಸಾಲು ನಿಂತಿದ್ದಾರೆ, ಪಿಸುಮಾತಿನಲ್ಲೇ ಎಲ್ಲ. ರಾಟೆಗೆ ಎಣ್ಣೆ ಬಿಟ್ಟಿದೆ, ಕಿರುಗುಟ್ಟುವುದಿಲ್ಲ. ಕೊಟ್ಟೆ ಇಳಿಯುತ್ತದೆ, ಏರುತ್ತದೆ. ಮನೆಗೆ ಎರಡು ಕೊಡ. ಕೆಲವರು ಶಾಂತವ್ವನ ಕಡೆ ನೋಡಿ ಮುಖ ತಿರುಗಿಸುತ್ತಾರೆ. ಒಬ್ಬ ಮುದುಕಿ ಗಟ್ಟಿಯಾಗಿಯೇ ಹೇಳುತ್ತಾಳೆ, "ಇವತ್ತು ಮೋಟಾರು ಮಲ್ಕೊಂಡಿದೆಯಾ?" ಶಾಂತವ್ವ ಕೈಮುಗಿಯುತ್ತಾರೆ.

ಅವರ ಸರದಿ ಬರುವಾಗ ಆರು ದಾಟಿದೆ. ಮಾಸ್ತಮ್ಮ ಹಗ್ಗವನ್ನು ಕೈಗೆ ಕೊಡುತ್ತಾರೆ. ಮೊದಲ ಕೊಟ್ಟೆ ಮೇಲೆ ಬರುತ್ತದೆ. ಶಾಂತವ್ವ ಅಂಗೈಗೆ ಸುರಿದು ನಾಲಿಗೆಗೆ ಇಡುತ್ತಾರೆ. ಉಗುಳುವುದಿಲ್ಲ, ನುಂಗುತ್ತಾರೆ. ಸಿಹಿ.

ಎರಡನೆಯದು, ಮೂರನೆಯದು. ಪ್ರತಿಯೊಂದನ್ನೂ ನೋಡುತ್ತಾರೆ. ಹತ್ತಾದ ಮೇಲೆ ಸೇತುರಾಮ ಹಗ್ಗ ಹಿಡಿಯಲು ಬರುತ್ತಾನೆ. ಅವನು ಎಳೆದ ಮೊದಲ ಎಳೆತಕ್ಕೆ ಕೊಟ್ಟೆ ಗೋಡೆಗೆ ತಾಗಿ ನೀರು ಕಲಕುತ್ತದೆ. "ಲಾರಿ ಅಲ್ಲ ಅದು" ಎಂದು ಮಾಸ್ತಮ್ಮ ಗದರುತ್ತಾರೆ. ಅವನು ಕಲಿಯುತ್ತಾನೆ. ಇಪ್ಪತ್ತರ ಹೊತ್ತಿಗೆ ಅವನ ಕೊಟ್ಟೆಯೂ ಸದ್ದಿಲ್ಲದೆ ಇಳಿಯುತ್ತದೆ. ಶಾಂತವ್ವ ಕಟ್ಟೆಯ ಮೇಲೆ ಮಂಡಿ ನೀವಿಕೊಳ್ಳುತ್ತ ಕುಳಿತು ರುಚಿ ನೋಡುವುದನ್ನು ಮಾತ್ರ ಮುಂದುವರಿಸುತ್ತಾರೆ.

ಮೂವತ್ತೈದನೆಯ ಕೊಟ್ಟೆಗೆ ಅವರು ಕೈ ಎತ್ತುತ್ತಾರೆ.

"ಸಾಕು."

"ಇನ್ನೂ ಹದಿನೈದು ಬೇಕಲ್ಲ ಅವ್ವಾ?"

"ಬಂತದು. ಸಣ್ಣಗ ಬಂತು."

ಸೇತುರಾಮನೂ ಕುಡಿದು ನೋಡುತ್ತಾನೆ. ಅವನಿಗೆ ಏನೂ ತಿಳಿಯುವುದಿಲ್ಲ. ಮಾಸ್ತಮ್ಮ ಬೆರಳದ್ದಿ ನೆಕ್ಕಿ ಶಾಂತವ್ವನ ಮುಖವನ್ನು ಮೊದಲ ಬಾರಿಗೆ ನೇರವಾಗಿ ನೋಡುತ್ತಾರೆ. "ಹೌದು" ಎನ್ನುತ್ತಾರೆ. "ನನ್ನ ಅತ್ತೆಗೆ ಹೀಗೆ ತಿಳೀತಿತ್ತು."

ಮೂವತ್ತನಾಲ್ಕು ಕೊಟ್ಟೆ ಸಿಹಿ ನೀರು. ಹದಿನಾರರ ಕೊರತೆ. ಗೋದಾಮಿನ ಹಿತ್ತಲಲ್ಲಿ ಒಲೆಗಳ ಮುಂದೆ ನಿಂತು ಶಾಂತವ್ವ ಎರಡು ನಿಮಿಷ ಯೋಚಿಸುತ್ತಾರೆ. ಆಮೇಲೆ ನಡೆಯುವುದನ್ನು ನೋಡುವುದೇ ಒಂದು ಪಾಠ. ವಸತಿಯ ಸ್ವಂತ ಬಾವಿಯ ನೀರು, ಬಾಯಿಗೆ ಹಾಕಿದರೆ ಥೂ ಎನ್ನಿಸುವಂಥದ್ದು, ಅದನ್ನು ತಂದು ಇಡ್ಲಿ ಕೊಳಗದ ಅಡಿಗೆ ಸುರಿಯುತ್ತಾರೆ.

ಸೇತುರಾಮ ಗಾಬರಿಯಾಗುತ್ತಾನೆ. "ಅವ್ವಾ, ಅದು ಉಪ್ಪು!"

"ಇರ್ಲಿ. ಉಪ್ಪು ಕೆಳಗ ಕುಂದರ್ತದ. ಹಬಿ ಅದನ್ನ ಹೊತ್ಕೊಂಡು ಮ್ಯಾಲೆ ಬರೂದಿಲ್ಲ."

ನಿನ್ನೆ ಬೆಂಗಳೂರಿನಿಂದ ತಂದ ಹಿಟ್ಟು ದಾರಿಯ ಸೆಕೆಗೆ ಚೆನ್ನಾಗಿ ಉಬ್ಬಿದೆ. ಬಿಸಿಬೇಳೆಬಾತ್ ಈ ಸಲ ಇಲ್ಲ, ಅದು ನೀರು ಕುಡಿಯುವ ಅಡುಗೆ. ಅಕ್ಕಿ, ತರಕಾರಿ ತೊಳೆಯುವುದೂ ಪಾತ್ರೆ ತೊಳೆಯುವುದೂ ವಸತಿಯ ಬಾವಿಯ ನೀರಲ್ಲಿ. ಅಕ್ಕಿಗೆ ಕೊನೆಯ ಒಂದು ನೀರು ಮಾತ್ರ ಸಿಹಿಯದ್ದು. ಸಣ್ಣಗೆ ಉಪ್ಪು ಬಂದ ಮೂವತ್ತೈದನೆಯ ಕೊಟ್ಟೆಯನ್ನೂ ಚೆಲ್ಲಿಲ್ಲ. ಅದು ಸಾಂಬಾರಿಗೆ, ಹಾಕುವ ಉಪ್ಪನ್ನು ಅಷ್ಟು ಕಡಿಮೆ ಮಾಡಿ. ಎಲ್ಲಕ್ಕಿಂತ ಮೇಲಿನ ನೀರು, ಮೊದಲ ಹತ್ತು ಕೊಟ್ಟೆಯದ್ದು, ಕಾಫಿಗೆ ಮತ್ತು ಕುಡಿಯಲು. ಪ್ರತಿ ಪಾತ್ರೆಗೆ ಉಪ್ಪು ಹಾಕುವ ಮುಂಚೆ ಆ ಪಾತ್ರೆಯ ನೀರು ನಾಲಿಗೆಗೆ. ಚಮಚ ಇಲ್ಲ, ಅಳತೆ ಇಲ್ಲ. ಮೂರು ಬೆರಳು, ಆಮೇಲೆ ಎರಡು ಬೆರಳು, ಆಮೇಲೆ ಕೈ ಹಿಂದಕ್ಕೆ.

ಎಂಟೂವರೆಗೆ ನಡಿಗೆಯ ಗುಂಪಿನವರು ಅಂಗಳದಲ್ಲಿ ಕುರ್ಚಿ ಹಾಕಿಕೊಳ್ಳುತ್ತಾರೆ. ನೂರ ಎಂಬತ್ತು ಇಡ್ಲಿ, ಸಾಂಬಾರು, ಕಾಯಿ ಚಟ್ನಿ. ಶಾಂತವ್ವ ಬಡಿಸುವುದಿಲ್ಲ, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲುತ್ತಾರೆ. ಅವರು ತಟ್ಟೆ ನೋಡುತ್ತಿಲ್ಲ, ಬಾಯಿ ನೋಡುತ್ತಿದ್ದಾರೆ. ಮೊದಲ ತುತ್ತಿಗೆ ಯಾರಾದರೂ ಅಗಿಯುವುದನ್ನು ನಿಲ್ಲಿಸುತ್ತಾರೆಯೇ? ಪಕ್ಕದವರ ಮುಖ ನೋಡುತ್ತಾರೆಯೇ? ನೀರಿನ ಲೋಟಕ್ಕೆ ಕೈ ಹಾಕುತ್ತಾರೆಯೇ?

ಯಾರೂ ನಿಲ್ಲಿಸುವುದಿಲ್ಲ. ಒಬ್ಬರು ಮೊಮ್ಮಗಳ ಆನ್‌ಲೈನ್ ಕ್ಲಾಸಿನ ಬಗ್ಗೆ ಹೇಳುತ್ತಿದ್ದಾರೆ. ಇಬ್ಬರು ಮೆಟ್ರೊ ಎಲ್ಲಿಯವರೆಗೆ ಬರಬೇಕಿತ್ತು ಎಂದು ವಾದ ಮಾಡುತ್ತಿದ್ದಾರೆ. ಸಾಂಬಾರು ಎರಡನೆಯ ಸಲ ಹೋಗುತ್ತದೆ, ಮೂರನೆಯ ಸಲ ಹೋಗುತ್ತದೆ. ಇಡ್ಲಿ ಮುಗಿಯುತ್ತದೆ.

ಕಾಫಿ ಬರುತ್ತದೆ. ನಾಗಭೂಷಣ್ ಒಂದು ಗುಟುಕು ಕುಡಿದು ಲೋಟವನ್ನು ಕಣ್ಣೆತ್ತರಕ್ಕೆ ಹಿಡಿದು ನೋಡುತ್ತಾರೆ. ಬಾಗಿಲ ಮರೆಯಲ್ಲಿ ಶಾಂತವ್ವನ ಕೈ ಸೆರಗನ್ನು ಬಿಗಿಯಾಗಿ ಹಿಡಿಯುತ್ತದೆ.

"ಅದೇ ಪುಡಿ, ಅದೇ ಹಾಲು. ಆದ್ರೆ ನಮ್ಮನೇಲಿ ಹಿಂಗೆ ಬರಲ್ಲ ಕಣ್ರೀ" ಎನ್ನುತ್ತಾರೆ ಪಕ್ಕದವರಿಗೆ. "ಈ ಊರಿನ ನೀರೇ ಬೇರೆ. ನೀರು ಚೆನ್ನ. ಅದಕ್ಕೇ ಹಿಂದಿನವ್ರು ಇಲ್ಲಿ ಬಂದರು ಮಾಡಿದ್ದು."

ಲೋಟ ತೆಗೆದುಕೊಳ್ಳಲು ಹೋಗಿದ್ದ ಸೇತುರಾಮ ಬಾಯಿ ತೆರೆಯುತ್ತಾನೆ. ಐದೂಕಾಲಿನಿಂದ ನಡೆದದ್ದೆಲ್ಲ ಅವನ ನಾಲಿಗೆಯ ತುದಿಯಲ್ಲಿದೆ. ಬಾಗಿಲ ಮರೆಯಿಂದ ಶಾಂತವ್ವ ಕಣ್ಣಲ್ಲೇ ಬೇಡ ಎನ್ನುತ್ತಾರೆ. ಒಳಗೆ ಬಂದವನು ಸಿಡುಕುತ್ತಾನೆ.

"ಯಾಕವ್ವಾ? ನಿಮ್ಮ ಹೆಸರು ಹೇಳ್ತಿದ್ದೆ. ನೀರಂತೆ ನೀರು."

"ಸುಮ್ನಿರು. ಅವ್ರು ನೀರು ಹೊಗಳ್ಯಾರ. ಅದು ನೀರಿಗೇ ಹೋಗ್ಲಿ."

ಹತ್ತು ಗಂಟೆಗೆ ಸುಬ್ರಮಣಿಯವರ ಫೋನು ಬರುತ್ತದೆ. ಸೇತುರಾಮ ಸ್ಪೀಕರ್ ಹಾಕುತ್ತಾನೆ. "ಏನಪ್ಪಾ, ಗ್ರೂಪಲ್ಲಿ ಬರೀ ಸೂರ್ಯೋದಯದ ಫೋಟೊ ಬರ್ತಿದೆ. ಊಟದ ವಿಷಯ ಏನಂತಾರೆ?"

"ಏನೂ ಅಂದಿಲ್ಲ ಸಾರ್."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ ಇಲ್ಲ ಸಾರ್. ಸಾಂಬಾರ್ ಮೂರ್ ಸಲ ಹಾಕ್ಸ್ಕೊಂಡ್ರು, ಮೆಟ್ರೊ ಬಗ್ಗೆ ಮಾತಾಡಿದ್ರು."

"ಹಂಗಾದ್ರೆ ಅವ್ವಂಗೆ ಹೇಳು, ಏಪ್ರಿಲ್ ಟ್ರಿಪ್ಪಿಗೆ ಹೆಸರು ಬರ್ಕೊಂಡಿದೀನಿ. ಹೋಟೆಲ್ ವಿಷಯ ಮುಂದಿನ ವರ್ಷ ನೋಡೋಣ."

ಶಾಂತವ್ವ ಕೇಳಿಸಿಕೊಂಡು, ಮಧ್ಯಾಹ್ನದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಇರುತ್ತಾರೆ. ಖುಷಿಯಾಯಿತೇ ಎಂದರೆ, "ಉಪ್ಪಿನ ಮಾತು ಯಾರೂ ಎತ್ತಲಿಲ್ಲ ನೋಡ್ರಿ. ಅಡಿಗಿಯಾಕಿಗೆ ಅಷ್ಟ ಸಾಕು" ಎನ್ನುತ್ತಾರೆ. ಮುಂದೆ ಏನಾದರೂ ಆಸೆ ಇದೆಯೇ ಎಂದರೆ, ತುಸು ಯೋಚಿಸಿ, ಏಪ್ರಿಲಿನಲ್ಲಿ ಬಿಸಿಲು ಹೆಚ್ಚು, ಬಾವಿಯಲ್ಲಿ ಮೇಲಿನ ನೀರು ಇನ್ನೂ ತೆಳುವಾಗಿರುತ್ತದೆ, ನಲವತ್ತೆರಡರ ಬದಲು ಮೂವತ್ತು ಜನರನ್ನು ಕರೆತರಲು ಮಾಲೀಕರು ಒಪ್ಪಿದರೆ ಚೆನ್ನ ಎನ್ನುತ್ತಾರೆ. ಊರಿನ ಹೆಸರು ಬರೆಯಬೇಡಿ ಎಂದದ್ದಕ್ಕೂ ಕಾರಣ ಇಂಥದ್ದೇ. ಈ ಕಡೆಗೆ ಬರುವ ಬಸ್ಸುಗಳು ಹೆಚ್ಚಿದರೆ ಬಾವಿ ಬತ್ತೀತು ಎಂಬ ಅಂಜಿಕೆ ಅವರಿಗೆ ಮೊದಲಿನಿಂದಲೂ ಇತ್ತು. "ಈಗ ಮೋಟಾರಿನ ಅಂಜಿಕೀನೂ ಸೇರ್ತು. ಎಲ್ಲಾ ಬಸ್ಸಿನಾಗೂ ಒಬ್ಬ ಸೇತುರಾಮ ಇರ್ತಾನ್ರಿ. ಪ್ರೀತೀಲೇ ಪೈಪು ಬಿಡ್ತಾನ."

ಮಧ್ಯಾಹ್ನದ ಊಟ ಮುಗಿದು, ಪಾತ್ರೆ ಡಿಕ್ಕಿ ಸೇರಿದ ಮೇಲೆ, ಬಸ್ಸು ಹೊರಡಲು ಹತ್ತು ನಿಮಿಷ ಇರುವಾಗ ಶಾಂತವ್ವ ಮಾಸ್ತಮ್ಮನ ಅಂಗಳಕ್ಕೆ ಹೋಗುತ್ತಾರೆ. ಮೂಗಿಗೆ ಸೆರಗಿಲ್ಲ. ಮಾಸ್ತಮ್ಮ ಚಾಪೆಯ ಮೂಲೆಯಿಂದ ಫುಟ್‌ವಾಲ್ವ್ ಎತ್ತಿ ಕೊಡುತ್ತಾರೆ. ಅದಕ್ಕೆ ಮೀನಿನ ವಾಸನೆ ಹತ್ತಿದೆ. ಇಬ್ಬರೂ ಅದನ್ನು ನೋಡಿ ನಗುತ್ತಾರೆ.

ಆಮೇಲೆ ಶಾಂತವ್ವ ತಾವು ಬಂದ ಕೆಲಸ ಮುಗಿಸುತ್ತಾರೆ.

"ಮಾಸ್ತಮ್ಮಾ, ಒಂದು ಮಾತು ಮುಟ್ಟಿಸಾಕ ಬಂದೆ. ಬೆಂಗಳೂರಿನವ್ರು ನಿಮ್ಮ ನೀರು ಚಲೋ ಐತಿ ಅಂದ್ರು."